ದೋಷದ ನೆಲೆ: ಬೆಳೆಯುವ ಕಣ್ಣು ಮತ್ತು ಪ್ರತ್ಯಕ್ಷದ ಪ್ರಶ್ನೆ

ಭಾರತೀಯ ದರ್ಶನಗಳಲ್ಲಿ ಪ್ರಮಾಣಗಳ, ಅಂದರೆ ಯಥಾರ್ಥಜ್ಞಾನದ ಸಾಧನಗಳ ಚರ್ಚೆ ಎಲ್ಲಿ ಆರಂಭವಾದರೂ ಪ್ರತ್ಯಕ್ಷದ ಬಳಿಗೆ ಬಂದೇ ಬರುತ್ತದೆ. ಬೆಟ್ಟದಲ್ಲಿ ಬೆಂಕಿಯಿದೆಯೆಂದು ಊಹಿಸುವ ಮೊದಲು ಕಣ್ಣು ಹೊಗೆಯನ್ನು ಕಂಡಿರಬೇಕು, ಆಪ್ತವಾಕ್ಯವನ್ನು ನಂಬುವ ಮೊದಲು ಕಿವಿ ಅದನ್ನು ಕೇಳಿರಬೇಕು. ಹಾಗೆಂದು ಕಣ್ಣಿಗೆ ಕಂಡದ್ದೆಲ್ಲ ಪ್ರಮಾಣವಾಗುವುದಿಲ್ಲ. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಾಣುತ್ತದೆ, ಕಾಮಾಲೆಯಾದವನಿಗೆ ಬಿಳಿಯ ಶಂಖ ಹಳದಿಯಾಗಿ ಕಾಣುತ್ತದೆ. ಈ ತೊಡಕನ್ನು ಮನಗಂಡೇ ಮಧ್ವಾಚಾರ್ಯರು ಪ್ರಮಾಣಲಕ್ಷಣವೆಂಬ ಕಿರುಗ್ರಂಥದಲ್ಲಿ ಪ್ರತ್ಯಕ್ಷವನ್ನು ನಿರೂಪಿಸುವಾಗ, ಇಂದ್ರಿಯ ಮತ್ತು ವಿಷಯಗಳ ಸಂಬಂಧವೆಂದಷ್ಟೇ ಹೇಳಿ ಬಿಡದೆ, ಅವು ನಿರ್ದೋಷವಾಗಿರಬೇಕೆಂಬ ಷರತ್ತನ್ನೂ ಸೇರಿಸಿದರು. ಟೀಕಾಚಾರ್ಯರೆಂದು ಹೆಸರಾದ ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಆ ದೋಷಗಳನ್ನು ವಿಷಯದ ದೋಷ, ಇಂದ್ರಿಯದ ದೋಷ ಎಂದು ಬಿಡಿಸಿ ವಿವರಿಸಿದರು: ಅತಿಯಾದ ದೂರ, ಅತಿಯಾದ ಸಾಮೀಪ್ಯ, ಸೂಕ್ಷ್ಮತೆ, ನಡುವಿನ ಮರೆ ಮೊದಲಾದವು ವಿಷಯದ ಕಡೆಗೆ ಸೇರಿದರೆ, ಕಣ್ಣಿನ ರೋಗಗಳು ಇಂದ್ರಿಯದ ಕಡೆಗೆ ಸೇರುತ್ತವೆ. ಈ ವಿಂಗಡಣೆ ಮೇಲುನೋಟಕ್ಕೆ ಎಷ್ಟು ಸಹಜವಾಗಿ ಕಂಡರೂ, ಇಂದ್ರಿಯದ ದೋಷವು ನಿಜವಾಗಿ ಇಂದ್ರಿಯದಲ್ಲೇ ನೆಲೆಸಿದೆಯೇ, ನೆಲೆಸಿದ್ದರೆ ಅಲ್ಲಿಗೆ ಅದು ಬಂದದ್ದು ಹೇಗೆ, ಅದಕ್ಕೆ ಹೊಣೆ ಯಾರು ಎಂಬ ಪ್ರಶ್ನೆಗಳು ಅದರೊಳಗೆ ಉತ್ತರವಿಲ್ಲದೆ ಉಳಿದಿವೆ. ಮಕ್ಕಳ ಸಮೀಪದೃಷ್ಟಿ ಏರುವ ವೇಗವನ್ನು ತಗ್ಗಿಸಲೆಂದು ಈಚಿನ ವರ್ಷಗಳಲ್ಲಿ ಬಂದಿರುವ ಹೊಸ ಬಗೆಯ ಕನ್ನಡಕವು ಈ ಪ್ರಶ್ನೆಗಳನ್ನು ಮತ್ತೆ ಎತ್ತಿಕೊಳ್ಳುವಂತೆ ಒತ್ತಾಯಿಸುತ್ತದೆ.

ಹತ್ತಿರದ್ದು ಸ್ಪಷ್ಟವಾಗಿ ಕಂಡು ದೂರದ್ದು ಮಸುಕಾಗುವ ಸ್ಥಿತಿಯೇ ಸಮೀಪದೃಷ್ಟಿ. ವೈದ್ಯರು ಮಯೋಪಿಯಾ ಎನ್ನುತ್ತಾರೆ, ಮನೆಗಳಲ್ಲಿ ಮೈನಸ್ ಪವರ್ ಎಂಬ ಮಾತು ರೂಢಿಯಲ್ಲಿದೆ. ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಉದ್ದವಿರುತ್ತದೆ, ಬೆಳೆದವರಲ್ಲಿ ಅದು 23ರಿಂದ 24 ಮಿಲಿಮೀಟರ್‌ಗೆ ಮುಟ್ಟುತ್ತದೆ. ಈ ಬೆಳವಣಿಗೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಮತ್ತು ಒಳಗಿನ ಮಸೂರ ಇವೆರಡರ ಶಕ್ತಿಗೆ ಸರಿಹೊಂದುವಂತೆ ನಿಂತರೆ, ದೂರದಿಂದ ಬಂದ ಬೆಳಕು ಕಣ್ಣಿನ ಹಿಂಬದಿಯ ಅಕ್ಷಿಪಟಲದ ಮೇಲೆ ಕೂಡಿ ಬಿಂಬ ಸ್ಪಷ್ಟವಾಗುತ್ತದೆ. ಗುಡ್ಡೆ ಅದಕ್ಕೂ ಮೀರಿ ಉದ್ದವಾದರೆ ಬೆಳಕು ಪಟಲವನ್ನು ತಲುಪುವ ಮೊದಲೇ ಕೂಡಿ, ಮುಂದೆ ಚದುರಿ, ಮಸುಕನ್ನು ಉಂಟುಮಾಡುತ್ತದೆ. ಮಸೂರದ ಶಕ್ತಿಯನ್ನು ಅಳೆಯುವ ಮಾನಕ್ಕೆ ಡಯಾಪ್ಟರ್ ಎಂದು ಹೆಸರು. ಒಂದೇ ಒಂದು ಮಿಲಿಮೀಟರ್ ಹೆಚ್ಚಿನ ಉದ್ದ ಸುಮಾರು ಎರಡೂವರೆ ಡಯಾಪ್ಟರ್ ವ್ಯತ್ಯಾಸವನ್ನು ತಂದುಬಿಡುತ್ತದೆ. ಒಂದು ಡಯಾಪ್ಟರ್ ಸಮೀಪದೃಷ್ಟಿ ಇರುವವರಿಗೆ ಒಂದು ಮೀಟರ್‌ವರೆಗೆ, ಎರಡಿದ್ದವರಿಗೆ ಅರ್ಧ ಮೀಟರ್‌ವರೆಗೆ, ನಾಲ್ಕಿದ್ದವರಿಗೆ ಕೇವಲ 25 ಸೆಂಟಿಮೀಟರ್‌ವರೆಗೆ ಮಾತ್ರ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುತ್ತದೆ.

ಸಾಂಖ್ಯಕಾರಿಕೆಯಲ್ಲಿ ಈಶ್ವರಕೃಷ್ಣನು ಇರುವ ವಸ್ತುವೂ ಕಾಣದಿರಲು ಎಂಟು ಕಾರಣಗಳನ್ನು ಹೇಳುವಾಗ ಅತಿದೂರವನ್ನೂ ಇಂದ್ರಿಯದ ಹಾನಿಯನ್ನೂ ಬೇರೆ ಬೇರೆಯಾಗಿ ಎಣಿಸುತ್ತಾನೆ. ನಾಲ್ಕು ಡಯಾಪ್ಟರ್‌ನ ಹುಡುಗಿಯೊಬ್ಬಳಿಗೆ ಕರಿಹಲಗೆಯ ಅಕ್ಷರ ಕಾಣದಿದ್ದಾಗ ಅದು ಈ ಎಂಟರಲ್ಲಿ ಯಾವುದಕ್ಕೆ ಸೇರುತ್ತದೆ? ಅದೇ ಕಣ್ಣು ಪುಸ್ತಕವನ್ನು ಕನ್ನಡಕವಿಲ್ಲದೆಯೂ ಎಲ್ಲರಂತೆ ಓದುತ್ತದೆ, ಆದ್ದರಿಂದ ಕಣ್ಣು ಕೆಟ್ಟಿದೆಯೆನ್ನುವುದು ಕಷ್ಟ; ಪಕ್ಕದಲ್ಲಿ ಕುಳಿತ ಗೆಳತಿಗೆ ಹಲಗೆ ಕಾಣುತ್ತದೆ, ಆದ್ದರಿಂದ ಹಲಗೆ ಅತಿದೂರದಲ್ಲಿದೆ ಎನ್ನುವುದೂ ಕಷ್ಟ. ಅವಳ ಪಾಲಿಗೆ ಅತಿದೂರವು ಕೈಯಳತೆಯಲ್ಲೇ ಆರಂಭವಾಗುತ್ತದೆ. ದೂರ ಮತ್ತು ಇಂದ್ರಿಯಹಾನಿ ಎಂದು ಶಾಸ್ತ್ರ ಬೇರ್ಪಡಿಸಿದ ಎರಡು ಕಾರಣಗಳು ಇಲ್ಲಿ ಒಂದರೊಳಗೊಂದು ಸೇರಿಹೋಗಿವೆ, ಕಣ್ಣನ್ನಷ್ಟೇ ನೋಡಿ ಅಥವಾ ಹಲಗೆಯನ್ನಷ್ಟೇ ನೋಡಿ ದೋಷವೆಲ್ಲಿದೆಯೆಂದು ತೋರಿಸಲಾಗುವುದಿಲ್ಲ. ಇಷ್ಟೇ ಆಗಿದ್ದರೆ ಇದು ತಾರ್ಕಿಕರ ಕುತೂಹಲದ ವಿಷಯವಾಗಿ ಉಳಿಯುತ್ತಿತ್ತು. ಆದರೆ ಐದಾರು ಡಯಾಪ್ಟರ್ ದಾಟಿದ ಕಣ್ಣಿನಲ್ಲಿ ಒಳಪದರಗಳು ಹಿಗ್ಗಿ ತೆಳುವಾಗಿರುವುದರಿಂದ, ಮಧ್ಯವಯಸ್ಸಿನ ನಂತರ ಅಕ್ಷಿಪಟಲ ಕಳಚಿಕೊಳ್ಳುವ, ದೃಷ್ಟಿಯ ನಡುಭಾಗ ನಶಿಸುವ, ಗ್ಲಾಕೋಮಾ ತಗಲುವ ಅಪಾಯ ಹೆಚ್ಚುತ್ತದೆ, ಅಂಥ ನಷ್ಟವನ್ನು ಯಾವ ಕನ್ನಡಕವೂ ತುಂಬಿಕೊಡಲಾರದು. ಏಳೆಂಟು ವರ್ಷಕ್ಕೇ ಕನ್ನಡಕ ಹಾಕಿಕೊಂಡ ಮಗುವಿನ ನಂಬರು ವರ್ಷ ವರ್ಷವೂ ಏರುತ್ತ ಹೋಗುವುದನ್ನು ಕಂಡು ಹೆತ್ತವರು ಪಡುವ ಕಳವಳಕ್ಕೆ ಗಟ್ಟಿಯಾದ ಆಧಾರವಿದೆ.

ಬಿಂಬ ಮೂಡುವುದು ಅಕ್ಷಿಪಟಲದ ಮೇಲೆ ಎಂಬುದನ್ನೂ, ನಡು ತಗ್ಗಿದ ನಿಮ್ನ ಮಸೂರವು ಸಮೀಪದೃಷ್ಟಿಯವರಿಗೆ ಏಕೆ ನೆರವಾಗುತ್ತದೆ ಎಂಬುದನ್ನೂ 1604ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಯೊಹಾನೆಸ್ ಕೆಪ್ಲರ್ ವಿವರಿಸಿದನು. ಆದರೆ ಕನ್ನಡಕದ ಬಳಕೆ ಅದಕ್ಕಿಂತ ಮುನ್ನೂರು ವರ್ಷ ಹಿಂದೆಯೇ ಇಟಲಿಯಲ್ಲಿ ಆರಂಭವಾಗಿತ್ತು, ಹದಿನಾರನೆಯ ಶತಮಾನದ ಆರಂಭಕ್ಕೆ ಅದು ವಿಜಯನಗರವನ್ನೂ ಮುಟ್ಟಿತ್ತು. ಸೋಮನಾಥ ಕವಿಯ ವ್ಯಾಸಯೋಗಿಚರಿತದಲ್ಲಿ ವ್ಯಾಸರಾಯರು ಕನ್ನಡಕದ ನೆರವಿನಿಂದ ಗ್ರಂಥಾವಲೋಕನ ಮಾಡುವ ಉಲ್ಲೇಖವಿರುವುದನ್ನು ಸಂಶೋಧಕ ಪಿ.ಕೆ. ಗೋಡೆ ಗುರುತಿಸಿದ್ದಾರೆ, ಅದರ ಕಾಲ 1520ರ ಆಸುಪಾಸು. ಆಗ ಅರವತ್ತರ ಅಂಚಿನಲ್ಲಿದ್ದ ಯತಿಗಳಿಗೆ ಬೇಕಾದದ್ದು ಜನರು ಚಾಳೀಸು ಎಂದು ಕರೆಯುವ, ವಯಸ್ಸಾದವರ ಓದಿನ ಕನ್ನಡಕವೇ ಇರಬೇಕು, ಅಂದರೆ ಅದು ನಡು ಉಬ್ಬಿದ ಪೀನ ಮಸೂರದ್ದು. ನ್ಯಾಯಾಮೃತ, ತರ್ಕತಾಂಡವಗಳನ್ನು ರಚಿಸಿದ, ನಿರ್ದೋಷವಾದ ಇಂದ್ರಿಯವೇ ಪ್ರತ್ಯಕ್ಷವೆಂಬ ಪರಂಪರೆಯ ಮಹಾತಾರ್ಕಿಕರೇ ಕಣ್ಣಿಗೆ ಗಾಜನ್ನಿಟ್ಟುಕೊಂಡು ಶಾಸ್ತ್ರ ನೋಡಿದರೆಂಬುದು ಗಮನಾರ್ಹ ಸಂಗತಿ. ಗಾಜಿನ ಮೂಲಕ ಅವರು ಪಡೆದ ಜ್ಞಾನ ಯಥಾರ್ಥವೇ ಆಗಿತ್ತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಗಾಜನ್ನು ತೆಗೆದಿಟ್ಟ ಕೂಡಲೇ ಕಣ್ಣು ಮೊದಲಿದ್ದಂತೆಯೇ ಇತ್ತು. ಹಳೆಯ ಕನ್ನಡಕದ ಸ್ವಭಾವವೇ ಇದು. ಅದು ಕಾಣ್ಕೆಯನ್ನು ತಿದ್ದುತ್ತದೆಯೇ ಹೊರತು ಕಣ್ಣನ್ನು ತಿದ್ದುವುದಿಲ್ಲ, ಇಂದಿನ ಓದಿಗೆ ನೆರವಾಗುತ್ತದೆಯೇ ಹೊರತು ನಾಳಿನ ಕಣ್ಣಿನ ಗೊಡವೆಗೆ ಹೋಗುವುದಿಲ್ಲ. ವಯಸ್ಸಾದವರಿಗೆ ಅಷ್ಟು ಸಾಕು. ಬೆಳೆಯುತ್ತಿರುವ ಮಗುವಿಗೆ ಅಷ್ಟು ಸಾಲದು ಎಂಬ ಅರಿವು ಮೂಡಲು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳೇ ಬರಬೇಕಾಯಿತು.

1977ರಲ್ಲಿ ಟಾರ್ಸ್ಟನ್ ವೀಸೆಲ್ ಮತ್ತು ಎಲಿಯೊ ರವಿಯೋಲಾ, ರೆಪ್ಪೆಗಳನ್ನು ಹೊಲಿದು ಮುಚ್ಚಿದ ಮರಿಕೋತಿಗಳ ಕಣ್ಣುಗುಡ್ಡೆ ಅಸಹಜವಾಗಿ ಉದ್ದವಾಗುವುದನ್ನು ವರದಿ ಮಾಡಿದರು. ಮರುವರ್ಷ ಜೋಷ್ ವಾಲ್ಮನ್ ಮತ್ತು ಸಂಗಡಿಗರು ಕೋಳಿಮರಿಗಳಲ್ಲಿ ನೋಟದ ವ್ಯಾಪ್ತಿಯನ್ನು ಸ್ವಲ್ಪವೇ ಬದಲಿಸಿದರೂ ತೀವ್ರ ಸಮೀಪದೃಷ್ಟಿ ಉಂಟಾಗುವುದನ್ನು ತೋರಿಸಿದರು. 1988ರಲ್ಲಿ ಫ್ರಾಂಕ್ ಶೆಫೆಲ್ ಮತ್ತು ಸಹೋದ್ಯೋಗಿಗಳು ಕೋಳಿಮರಿಗಳಿಗೆ ಕನ್ನಡಕ ತೊಡಿಸಿದಾಗ ವಿಷಯ ಇನ್ನೂ ಸ್ಪಷ್ಟವಾಯಿತು: ಮಸೂರವು ಬಿಂಬವನ್ನು ಪಟಲದ ಹಿಂದಕ್ಕೆ ತಳ್ಳಿದರೆ ಕಣ್ಣು ಬೇಗ ಉದ್ದವಾಗಿ ಅದನ್ನು ಹಿಡಿಯುತ್ತದೆ, ಮುಂದಕ್ಕೆ ತಂದರೆ ಬೆಳವಣಿಗೆಯನ್ನು ತಡೆಹಿಡಿಯುತ್ತದೆ. ಕಣ್ಣಿನಿಂದ ಮಿದುಳಿಗೆ ಹೋಗುವ ನರವನ್ನು ಕತ್ತರಿಸಿದ ಮೇಲೂ ಕೋಳಿಮರಿಯ ಕಣ್ಣು ಮಸುಕಿಗೆ ಪ್ರತಿಕ್ರಿಯೆಯಾಗಿ ಉದ್ದವಾಗುತ್ತದೆ. ನೋಟದ ಅರ್ಧಭಾಗವನ್ನಷ್ಟೇ ಮಸುಕುಗೊಳಿಸಿದರೆ ಗುಡ್ಡೆಯ ಆ ಅರ್ಧಭಾಗವಷ್ಟೇ ಹಿಗ್ಗುತ್ತದೆ. ಹ್ಯೂಸ್ಟನ್ ವಿಶ್ವವಿದ್ಯಾಲಯದ ಅರ್ಲ್ ಸ್ಮಿತ್ ಮುಂದೆ ಕೋತಿಗಳಲ್ಲಿ ನಡೆಸಿದ ಅಧ್ಯಯನಗಳು, ತೀಕ್ಷ್ಣದೃಷ್ಟಿಗೆ ಮೀಸಲಾದ ಪಟಲದ ನಡುಬಿಂದುವಿಗಿಂತ ಅದರ ಸುತ್ತಲಿನ ಅಂಚಿನ ಭಾಗವೇ ಈ ಬೆಳವಣಿಗೆಯನ್ನು ನಿರ್ದೇಶಿಸಬಲ್ಲದು ಎಂಬುದನ್ನು ತೋರಿಸಿಕೊಟ್ಟವು.

ಈ ಫಲಿತಾಂಶಗಳು ದರ್ಶನಶಾಸ್ತ್ರದ ಒಂದು ಹಳೆಯ ಗ್ರಹಿಕೆಯನ್ನು ಅಲುಗಾಡಿಸುತ್ತವೆ. ನ್ಯಾಯದರ್ಶನದಲ್ಲಿ ಇಂದ್ರಿಯವು ಕರಣ, ಎಂದರೆ ಕರ್ತೃವಿನ ಕೈಯಲ್ಲಿರುವ ಸಾಧನ. ಮರ ಕಡಿಯುವವನಿಗೆ ಕೊಡಲಿ ಹೇಗೋ ಅರಿಯುವ ಆತ್ಮನಿಗೆ ಕಣ್ಣು ಹಾಗೆ ಎಂಬುದು ಪರಂಪರಾಗತ ದೃಷ್ಟಾಂತ. ಆತ್ಮ ಮನಸ್ಸಿನೊಡನೆ, ಮನಸ್ಸು ಇಂದ್ರಿಯದೊಡನೆ, ಇಂದ್ರಿಯ ವಿಷಯದೊಡನೆ ಸೇರಿದಾಗ ಜ್ಞಾನ ಹುಟ್ಟುತ್ತದೆ, ಆ ಸರಪಳಿಯಲ್ಲಿ ಮನಸ್ಸು ಕಳಚಿದರೆ ಕಣ್ಣು ತೆರೆದಿದ್ದರೂ ಕಾಣ್ಕೆಯಿಲ್ಲ. ಶೃಂಗೇರಿಯ ಪರಂಪರೆಗೆ ಸೇರಿದ ದೃಗ್ದೃಶ್ಯವಿವೇಕವೂ ಕಣ್ಣಿನ ಕುರುಡು, ಮಾಂದ್ಯ, ಪಟುತ್ವಗಳನ್ನು ಮನಸ್ಸು ಅರಿಯುತ್ತದೆಯೆಂದು ಹೇಳಿ, ಕಣ್ಣನ್ನು ಮನಸ್ಸಿಗೆ ದೃಶ್ಯವಾದ ವಸ್ತುಗಳ ಸಾಲಿಗೆ ಸೇರಿಸುತ್ತದೆ. ಇಲ್ಲೆಲ್ಲ ಇಂದ್ರಿಯವು ಒಮ್ಮೆ ಒದಗಿಬಂದ, ತಾನು ಬದಲಾಗದ ಉಪಕರಣ. ಪಟಲದ ಅಂಚಿಗೆ ಬಿದ್ದ ಮಸುಕು ಮಗುವಿನ ಗಮನಕ್ಕೆ ಬರುವುದಿಲ್ಲ, ಮನಸ್ಸು ಅದರೊಡನೆ ಸೇರಿಯೇ ಇಲ್ಲ, ಆದ್ದರಿಂದ ಅದನ್ನು ಜ್ಞಾನವೆನ್ನಲು ನ್ಯಾಯದರ್ಶನ ಒಪ್ಪದು, ಒಪ್ಪದಿರುವುದು ಸರಿಯೂ ಹೌದು. ಕಣ್ಣು ತಾನೇ ತಿಳಿದುಕೊಂಡು ಬೆಳೆಯುತ್ತದೆಯೆಂಬ ಮಾತು ಕೇಳಲು ಸೊಗಸಾದರೂ ಸಡಿಲವಾದದ್ದು. ಆದರೆ ಜ್ಞಾನವಲ್ಲದ ಆ ವ್ಯಾಪಾರವೇ ಮುಂದಿನ ಎಲ್ಲ ಜ್ಞಾನದ ಸಾಧನವನ್ನು ರೂಪಿಸುತ್ತದೆಯೆಂಬುದು ಉಳಿಯುತ್ತದೆ. ಕಡಿಯುವ ಮರಕ್ಕೆ ತಕ್ಕಂತೆ ಕೊಡಲಿ ತನ್ನ ಅಲಗಿನ ಆಕಾರವನ್ನು ಬದಲಿಸಿಕೊಳ್ಳುವುದಿಲ್ಲ, ಕಣ್ಣು ಬದಲಿಸಿಕೊಳ್ಳುತ್ತದೆ. ಬಾಲ್ಯದಲ್ಲಿ ಅದು ಏನನ್ನು, ಎಷ್ಟು ಹತ್ತಿರದಿಂದ, ಎಂಥ ಬೆಳಕಿನಲ್ಲಿ ಎದುರಿಸಿತೋ ಅದರ ಗುರುತು ಅದರ ಉದ್ದದಲ್ಲೇ ಉಳಿಯುತ್ತದೆ. ಹಾಗಿರುವಾಗ ಉದ್ದವಾದ ಕಣ್ಣನ್ನು ಕೆಟ್ಟ ಕಣ್ಣೆನ್ನುವುದು ನ್ಯಾಯವಲ್ಲ. ತನ್ನ ಮುಂದಿಟ್ಟ ಜಗತ್ತಿಗೆ ಅದು ವಿಧೇಯವಾಗಿ ಹೊಂದಿಕೊಂಡಿದೆ.

ಹೊಸ ಕನ್ನಡಕವು ಈ ವಿಧೇಯತೆಯನ್ನೇ ಬಳಸಿಕೊಳ್ಳುತ್ತದೆ. ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯವು ಜಪಾನಿನ ಹೋಯಾ ಸಂಸ್ಥೆಯೊಡನೆ ಸೇರಿ ರೂಪಿಸಿ, 2018ರಿಂದ ಮಾರುಕಟ್ಟೆಗೆ ಬಂದ ಡಿಮ್ಸ್ ಮಸೂರದ ನಡುವೆ ಸುಮಾರು 9 ಮಿಲಿಮೀಟರ್ ಅಗಲದ ಭಾಗದಲ್ಲಿ ಮಗುವಿಗೆ ಬೇಕಾದ ಮಾಮೂಲಿ ನಂಬರು ಇರುತ್ತದೆ, ಅದರ ಸುತ್ತ ಒಂದೊಂದೂ ಸುಮಾರು ಒಂದು ಮಿಲಿಮೀಟರ್ ಅಗಲದ ಸರಿಸುಮಾರು 400 ಪುಟ್ಟ ಮಸೂರಗಳು ಹರಡಿರುತ್ತವೆ. ಎದುರು ನಿಂತು ನೋಡಿದವರಿಗೆ ಅದು ಎಲ್ಲರ ಕನ್ನಡಕದಂತೆಯೇ ಕಾಣುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಜೇನುಹುಟ್ಟಿನ ಕಣ್ಣುಗಳಂಥ ವಿನ್ಯಾಸ ನಡುವಿನ ಬಯಲನ್ನು ಸುತ್ತುವರಿದಿರುವುದು ಗೋಚರವಾಗುತ್ತದೆ. ಆ ಪುಟ್ಟ ಮಸೂರಗಳಿಗೆ ಮೂರೂವರೆ ಡಯಾಪ್ಟರ್ ಹೆಚ್ಚಿನ ಶಕ್ತಿಯಿರುವುದರಿಂದ, ನಡುವಿನ ಮೂಲಕ ಮಗು ಹಲಗೆಯನ್ನು ಸ್ಪಷ್ಟವಾಗಿ ಓದುತ್ತಿರುವಾಗಲೇ ಅವುಗಳ ಮೂಲಕ ಬಂದ ಬೆಳಕು ಪಟಲಕ್ಕಿಂತ ಮುಂದೆ ಕೂಡುತ್ತದೆ, ಬೆಳವಣಿಗೆಯನ್ನು ನಿಧಾನಿಸಬೇಕೆಂಬ ಸೂಚನೆ ಕಣ್ಣಿಗೆ ದಿನವಿಡೀ ಸಿಗುತ್ತಲೇ ಇರುತ್ತದೆ. 8ರಿಂದ 13 ವರ್ಷದ ಹಾಂಗ್‌ಕಾಂಗ್ ಮಕ್ಕಳಲ್ಲಿ ನಡೆದ ಎರಡು ವರ್ಷಗಳ ಪ್ರಯೋಗವನ್ನು 160 ಮಕ್ಕಳು ಪೂರೈಸಿದರು. ಮಾಮೂಲಿ ಕನ್ನಡಕದ ಮಕ್ಕಳಲ್ಲಿ ಸಮೀಪದೃಷ್ಟಿ ಸರಾಸರಿ 0.85 ಡಯಾಪ್ಟರ್ ಏರಿದರೆ ಹೊಸ ಕನ್ನಡಕದವರಲ್ಲಿ 0.41 ಏರಿತು, ಗುಡ್ಡೆಯ ಉದ್ದ ಕ್ರಮವಾಗಿ 0.55 ಮತ್ತು 0.21 ಮಿಲಿಮೀಟರ್ ಹೆಚ್ಚಿತು. ಎಸಿಲಾರ್ ಸಂಸ್ಥೆಯ ಸ್ಟೆಲ್ಲೆಸ್ಟ್ ಮಸೂರದಲ್ಲಿ ಹನ್ನೊಂದು ಉಂಗುರಗಳಾಗಿ 1021 ಪುಟ್ಟ ಮಸೂರಗಳಿವೆ. ಚೀನಾದ ವೆನ್‌ಝೌ ನಗರದಲ್ಲಿ ಅದರ ಪರೀಕ್ಷೆ ನಡೆಯಿತು, ದಿನಕ್ಕೆ ಹನ್ನೆರಡು ಗಂಟೆಯಾದರೂ ಧರಿಸಿದ ಮಕ್ಕಳಲ್ಲಿ ಪರಿಣಾಮ ಹೆಚ್ಚಾಗಿ ಕಂಡಿತು. ಅಂಚಿನಲ್ಲಿ ಬೆಳಕನ್ನು ಚದುರಿಸುವ ಚುಕ್ಕೆಗಳನ್ನಿಟ್ಟು ಬಿಂಬದ ಕಪ್ಪು ಬಿಳುಪಿನ ತೀವ್ರತೆಯನ್ನು ತಗ್ಗಿಸುವ ಮೂರನೆಯ ಬಗೆಯೂ ಇದೆ, ಅದರ ಹಿಂದಿರುವ ವಿವರಣೆ ಮೊದಲ ಎರಡಕ್ಕಿಂತ ಬೇರೆ. ಬೇರೆ ಬೇರೆ ಸಿದ್ಧಾಂತಗಳಿಂದ ಹೊರಟ ಮಸೂರಗಳು ಒಂದೇ ದಿಕ್ಕಿನ ಫಲವನ್ನು ಕೊಡುತ್ತಿರುವುದರಿಂದ, ಫಲ ನಿಶ್ಚಿತವಾಗಿದ್ದರೂ ಅದರ ಕಾರಣದ ಬಗೆಗಿನ ವಾದ ಇನ್ನೂ ಮುಗಿದಿಲ್ಲ.

ದಾರ್ಶನಿಕ ದೃಷ್ಟಿಯಿಂದ ಇಲ್ಲಿರುವ ಅಪೂರ್ವ ಅಂಶವೆಂದರೆ ದೋಷವನ್ನು ತಡೆಯಲು ದೋಷವನ್ನೇ ಉದ್ದೇಶಪೂರ್ವಕವಾಗಿ ಇಟ್ಟಿರುವುದು. ಪ್ರಮಾಣಶಾಸ್ತ್ರದ ಲೆಕ್ಕದಲ್ಲಿ ಅಂಚಿನ ಆ ಮಸುಕು ಅಯಥಾರ್ಥದ ಕಡೆಗೆ ಸೇರಬೇಕಾದದ್ದು, ಆದರೆ ಮುಂದಿನ ಐವತ್ತು ವರ್ಷಗಳ ಯಥಾರ್ಥದರ್ಶನವನ್ನು ಕಾಯುವುದು ಅದೇ. ಒಂದೇ ಗಾಜಿನ ಒಂದು ಭಾಗ ಇಂದಿನ ಪ್ರತ್ಯಕ್ಷಕ್ಕೂ ಇನ್ನೊಂದು ಭಾಗ ನಾಳಿನ ಇಂದ್ರಿಯಕ್ಕೂ ಮೀಸಲಾಗಿರುವಾಗ, ಆ ಕ್ಷಣದ ಸಂಬಂಧವನ್ನಷ್ಟೇ ಪರಿಶೀಲಿಸಿ ನಿರ್ದೋಷ ಅಥವಾ ಸದೋಷ ಎಂದು ತೀರ್ಮಾನಿಸುವುದು ಸಾಧ್ಯವಾಗುವುದಿಲ್ಲ. ದೋಷದ ಲಕ್ಷಣದೊಳಗೆ ಕಾಲವೂ ಪ್ರವೇಶಿಸಬೇಕಾಗುತ್ತದೆ. ಮಸುಕೆಲ್ಲವೂ ಹಿತವೆಂದು ಇದರ ಅರ್ಥವಲ್ಲ. ಪೂರ್ತಿ ನಂಬರಿನ ಕನ್ನಡಕ ಹಾಕಿದರೆ ಕಣ್ಣು ಸೋಮಾರಿಯಾಗಿ ನಂಬರು ಏರುತ್ತದೆ, ಆದ್ದರಿಂದ ಸ್ವಲ್ಪ ಕಡಿಮೆ ನಂಬರು ಕೊಡಿಸಬೇಕು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಇಂದಿಗೂ ಬಲವಾಗಿದೆ. 2002ರಲ್ಲಿ ಪ್ರಕಟವಾದ ಮಲೇಷ್ಯಾದ ಅಧ್ಯಯನವೊಂದರಲ್ಲಿ ಮಕ್ಕಳಿಗೆ ಹಾಗೆಯೇ 0.75 ಡಯಾಪ್ಟರ್ ಕಡಿಮೆ ಕೊಟ್ಟು ನೋಡಿದಾಗ, ಪೂರ್ತಿ ನಂಬರು ಹಾಕಿಕೊಂಡವರಿಗಿಂತ ಅವರ ಸಮೀಪದೃಷ್ಟಿಯೇ ಹೆಚ್ಚು ಏರಿತು. ನೋಟದ ಎಲ್ಲ ಭಾಗವನ್ನೂ ಆವರಿಸುವ ಮಸುಕು ಹಾನಿ, ಅಳತೆಗೊಳಪಟ್ಟು ಅಂಚಿನಲ್ಲಿ ನಿಂತ ಮಸುಕು ಚಿಕಿತ್ಸೆ. ಎರಡನ್ನೂ ಬೇರ್ಪಡಿಸುವುದು ಪರೀಕ್ಷೆಯೇ ಹೊರತು ಲೋಕರೂಢಿಯ ತರ್ಕವಲ್ಲ.

ಕಣ್ಣು ಜಗತ್ತಿಗೆ ಹೊಂದಿಕೊಳ್ಳುತ್ತದೆಯೆಂದಾದರೆ, ಅದರ ಮುಂದೆ ಎಂಥ ಜಗತ್ತನ್ನು ಇಟ್ಟದ್ದು ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. 1993ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನವೊಂದು ಈ ದೃಷ್ಟಿಯಿಂದ ಮನಮುಟ್ಟುವಂಥದ್ದು. ಸಂಪ್ರದಾಯಸ್ಥ ಯೆಹೂದಿ ಪಾಠಶಾಲೆಗಳಲ್ಲಿ ಹುಡುಗರು ಬಾಲ್ಯದಿಂದಲೇ ದಿನದ ಬಹುಪಾಲನ್ನು ಧರ್ಮಗ್ರಂಥಗಳ ಮೇಲೆ ಬಾಗಿ, ಮೈಯನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತ, ಸಣ್ಣ ಅಕ್ಷರದ ವ್ಯಾಖ್ಯಾನಗಳನ್ನು ಓದುತ್ತ ಕಳೆಯುತ್ತಾರೆ. ಅವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿಗೆ ಸಮೀಪದೃಷ್ಟಿಯಿತ್ತು. ಅದೇ ಸಂಪ್ರದಾಯಸ್ಥ ಸಮಾಜದ ಹುಡುಗಿಯರಲ್ಲಿಯೂ ಸಾಮಾನ್ಯ ಶಾಲೆಗಳ ಹುಡುಗ ಹುಡುಗಿಯರಲ್ಲಿಯೂ ಅದು ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿತ್ತು. ಒಂದೇ ಸಮಾಜದ ಹುಡುಗ ಹುಡುಗಿಯರ ನಡುವಿನ ಇಷ್ಟು ಅಂತರವನ್ನು ರಕ್ತಸಂಬಂಧದಿಂದ ವಿವರಿಸಲಾಗದು, ಓದಿನ ಕ್ರಮದಿಂದ ವಿವರಿಸಬಹುದು. 2018ರಲ್ಲಿ ಬ್ರಿಟನ್ನಿನ ಸಂಶೋಧಕರು ಆನುವಂಶಿಕ ಮಾಹಿತಿಯ ನೆರವಿನಿಂದ ಕಾರಣ ಯಾವುದು ಕಾರ್ಯ ಯಾವುದು ಎಂದು ಬೇರ್ಪಡಿಸಿ ನೋಡಿದಾಗ, ಹೆಚ್ಚಿನ ಒಂದೊಂದು ವರ್ಷದ ಶಿಕ್ಷಣಕ್ಕೂ 0.27 ಡಯಾಪ್ಟರ್‌ನಷ್ಟು ಸಮೀಪದೃಷ್ಟಿ ಸೇರುತ್ತದೆಯೆಂದು ಕಂಡುಕೊಂಡರು. ಪೂರ್ವ ಏಷ್ಯಾದ ನಗರಗಳಲ್ಲಿ ಶಾಲೆ ಮುಗಿಸುವ ಮಕ್ಕಳಲ್ಲಿ ನೂರಕ್ಕೆ ಎಂಬತ್ತರಿಂದ ತೊಂಬತ್ತು ಮಂದಿಗೆ ಈ ತೊಂದರೆಯಿದೆ. ಶಾಸ್ತ್ರವನ್ನೋ ವಿದ್ಯೆಯನ್ನೋ ಅರಸಿ ಹೊರಟ ಮಗುವಿನ ಆ ಅರಸುವಿಕೆಯೇ ಅರಿವಿನ ಬಾಗಿಲನ್ನು ಕಿರಿದುಗೊಳಿಸುತ್ತದೆಯೆಂಬುದು ವಿದ್ಯೆಯನ್ನು ಪವಿತ್ರವೆಂದು ಬಗೆಯುವ ಎಲ್ಲ ಸಮಾಜಗಳೂ ನಿಂತು ಯೋಚಿಸಬೇಕಾದ ಸಂಗತಿ.

ವಿದ್ಯೆಯನ್ನೇ ದೂರಬೇಕೆಂದು ಇದರಿಂದ ಸಿದ್ಧವಾಗುವುದಿಲ್ಲ. ಗುವಾಂಗ್‌ಝೌ ನಗರದ ಹನ್ನೆರಡು ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದನೆಯ ತರಗತಿಯ ಮಕ್ಕಳನ್ನು ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟದ್ದಕ್ಕೇ, ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರ ಪ್ರಮಾಣ ನೂರಕ್ಕೆ 39.5ರ ಬದಲು 30.4ರಷ್ಟಿತ್ತು. ತೈವಾನ್ 2010ರಿಂದ ಮಕ್ಕಳು ದಿನಕ್ಕೆ 120 ನಿಮಿಷ ಬಯಲಿನಲ್ಲಿರಬೇಕೆಂಬ ಕಾರ್ಯಕ್ರಮವನ್ನು ಶಾಲೆಗಳಲ್ಲಿ ಜಾರಿಗೆ ತಂದ ಮೇಲೆ, ದಶಕಗಳಿಂದ ಏರುತ್ತಿದ್ದ ದೃಷ್ಟಿಮಾಂದ್ಯದ ಪ್ರಮಾಣ ಇಳಿಮುಖವಾಯಿತು. ತರಗತಿಯೊಳಗಿನ ಬೆಳಕು ಕೆಲವು ನೂರು ಲಕ್ಸ್ ಇದ್ದರೆ, ಹೊರಗಿನದು ನೆರಳಿನಲ್ಲೂ ಹಲವು ಸಾವಿರ, ಬಿಸಿಲಿನಲ್ಲಿ ಹತ್ತಾರು ಸಾವಿರ. ಲಕ್ಸ್ ಎಂಬುದು ಒಂದು ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ. ಪ್ರಖರ ಬೆಳಕು ಪಟಲದಲ್ಲಿ ಡೋಪಮೀನ್ ಎಂಬ ರಾಸಾಯನಿಕದ ಬಿಡುಗಡೆಯನ್ನು ಹೆಚ್ಚಿಸಿ ಗುಡ್ಡೆಯ ಬೆಳವಣಿಗೆಗೆ ಲಗಾಮು ಹಾಕುತ್ತದೆಯೆಂಬುದು ಹೆಚ್ಚಿನ ಸಂಶೋಧಕರ ಅಭಿಪ್ರಾಯ. ಇದರಿಂದ ತಿಳಿಯುವುದೇನೆಂದರೆ, ಜಯತೀರ್ಥರು ಬೇರ್ಪಡಿಸಿದ ಎರಡು ಗುಂಪುಗಳ ಆಚೆ ಮೂರನೆಯದೊಂದು ದೋಷವಿದೆ: ಅದು ವಿಷಯದ್ದೂ ಅಲ್ಲ, ಇಂದ್ರಿಯದ್ದೂ ಅಲ್ಲ, ಅವೆರಡನ್ನೂ ಕೂಡಿಸುವ ವ್ಯವಸ್ಥೆಯದು. ಬಯಲೇ ಇಲ್ಲದ ಶಾಲೆಗೆ ಪರವಾನಗಿ ಕೊಟ್ಟವರು, ಆಟದ ಅವಧಿಯನ್ನು ಪರೀಕ್ಷೆಯ ತಯಾರಿಗೆ ತೆತ್ತವರು, ಮಗುವನ್ನು ಸುಮ್ಮನಿರಿಸಲು ಮೊಬೈಲ್ ಕೈಗಿತ್ತವರು ಎಲ್ಲರೂ ಆ ವ್ಯವಸ್ಥೆಯ ಕರ್ತೃಗಳು. ಬಯಲಿನ ಬೆಳಕು ಸಮೀಪದೃಷ್ಟಿಯ ಆರಂಭವನ್ನು ತಡೆಯುವಷ್ಟು ಚೆನ್ನಾಗಿ, ಆರಂಭವಾದದ್ದರ ಏರಿಕೆಯನ್ನು ತಡೆಯಲಾರದು. ಕನ್ನಡಕದ ಅಗತ್ಯ ಬೀಳುವುದು ಅಲ್ಲಿ. ಹೊಸ ಕನ್ನಡಕ ಕೊಡಿಸಿದ ಮಾತ್ರಕ್ಕೆ ಆ ಹಿಂದಿನ ಹೊಣೆ ತೀರುವುದಿಲ್ಲ.

ತೀರದ ಇನ್ನೊಂದು ಹೊಣೆಯಿದೆ, ಅದನ್ನು ಇಂಥ ಚರ್ಚೆಗಳಲ್ಲಿ ಯಾರೂ ಎತ್ತುವುದಿಲ್ಲ. ಇಂದು ಅಂಗಡಿಯಲ್ಲಿ ಮಗುವಿನ ಮೂಗಿನ ಮೇಲೆ ಕೂರುವ ಮಸೂರದ ಹಿಂದೆ ರೆಪ್ಪೆ ಹೊಲಿಸಿಕೊಂಡ ಕೋತಿಗಳೂ ನರ ಕತ್ತರಿಸಿಕೊಂಡ ಕೋಳಿಮರಿಗಳೂ ಇವೆ. ಅಹಿಂಸೆಯನ್ನು ಪರಮಧರ್ಮವೆನ್ನುವವರಿಗೆ ಇದು ಸಣ್ಣ ಮಾತಲ್ಲ. ಫಲ ದೊಡ್ಡದೆಂದ ಮಾತ್ರಕ್ಕೆ ಹಿಂಸೆ ಹಿಂಸೆಯಲ್ಲದೆ ಹೋಗುವುದಿಲ್ಲ. ಪ್ರಯೋಗಗಳಲ್ಲಿ ಮಾಮೂಲಿ ಕನ್ನಡಕ ಪಡೆದ ಮಕ್ಕಳ ಮಾತೂ ಇದೆ. ಹೋಲಿಕೆಗೆಂದು ಒಂದು ಗುಂಪನ್ನು ಹಾಗೆಯೇ ಬಿಡದೆ ಫಲವನ್ನು ಸ್ಥಾಪಿಸಲಾಗುತ್ತಿರಲಿಲ್ಲ, ಆಗ ಫಲವಿದೆಯೆಂದು ಯಾರಿಗೂ ನಿಶ್ಚಯವಿರಲಿಲ್ಲ, ಆದ್ದರಿಂದ ಅದರಲ್ಲಿ ಅನ್ಯಾಯವಿರಲಿಲ್ಲ. ಹಾಂಗ್‌ಕಾಂಗ್ ಪ್ರಯೋಗ ಮುಗಿದ ಮೇಲೆ ಆ ಗುಂಪಿನ ಮಕ್ಕಳಿಗೂ ಹೊಸ ಕನ್ನಡಕ ಕೊಡಲಾಯಿತು, ಅವರ ಏರಿಕೆಯೂ ನಿಧಾನವಾಯಿತು. ಆದರೆ ಆ ಎರಡು ವರ್ಷಗಳಲ್ಲಿ ಉದ್ದವಾದದ್ದು ಉದ್ದವಾಗಿಯೇ ಉಳಿಯಿತು. ಪರಂಪರೆ ಹೇಳುವ ದೇವಋಣ, ಋಷಿಋಣ, ಪಿತೃಋಣಗಳ ಸಾಲಿಗೆ ಸೇರದ ಈ ಋಣವನ್ನು ತೀರಿಸುವ ಒಂದು ದಾರಿಯಾದರೂ ಇದೆ: ಹೀಗೆ ದೊರೆತ ಫಲ ಹಣವುಳ್ಳವರ ಮಕ್ಕಳ ಸೊತ್ತಾಗದಂತೆ ನೋಡಿಕೊಳ್ಳುವುದು. ಈ ಮಸೂರಗಳ ಬೆಲೆ ಮಾಮೂಲಿ ಮಸೂರಕ್ಕಿಂತ ಹಲವು ಪಟ್ಟು ಹೆಚ್ಚು, ನಂಬರು ಬದಲಾದಾಗಲೆಲ್ಲ ಮತ್ತೆ ಕೊಳ್ಳಬೇಕು. ಮಾಮೂಲಿ ಕನ್ನಡಕವೂ ಇಲ್ಲದೆ ಹಿಂದಿನ ಬೆಂಚಿನಲ್ಲಿ ಕುಳಿತು ದಡ್ಡರೆನಿಸಿಕೊಳ್ಳುತ್ತಿರುವ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಇರುವಾಗ, ಅವರಿಗೆ ಮೊದಲು ಸಲ್ಲಬೇಕಾದದ್ದು ಆ ಮಾಮೂಲಿ ಕನ್ನಡಕ.

ಕೊಡಿಸಬಲ್ಲ ಹೆತ್ತವರ ಮುಂದೆ ಬೇರೊಂದು ಬಗೆಯ ಪ್ರಶ್ನೆ ಉಳಿಯುತ್ತದೆ. ಇನ್ನೂ ಬಾರದ ದುಃಖವೇ ತಪ್ಪಿಸಬೇಕಾದ ದುಃಖವೆಂದು ಪತಂಜಲಿಯ ಯೋಗಸೂತ್ರ ಹೇಳುತ್ತದೆ, ಬಂದದ್ದು ಅನುಭವಿಸಿ ತೀರುತ್ತಿದೆ, ಕಳೆದದ್ದು ಕಳೆದಿದೆ. ಮಗುವಿನ ಪರವಾಗಿ ಅಂಥ ದುಃಖವನ್ನು ತಪ್ಪಿಸುವ ಅಧಿಕಾರ ಹೆತ್ತವರಿಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಪ್ಪಿದ್ದನ್ನು ಅರಿಯುವ ಬಗೆ ಯಾವುದು? ನ್ಯಾಯವೈಶೇಷಿಕರು ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿ, ಯಾವುದರ ಅಭಾವವೋ ಅದನ್ನು ಪ್ರತಿಯೋಗಿ ಎಂದು ಕರೆದು, ಪ್ರತಿಯೋಗಿಯನ್ನು ಅರಿಯದೆ ಅಭಾವವನ್ನು ಅರಿಯಲಾಗದೆಂದರು. ಹುಟ್ಟಲಿರುವ ಮಡಕೆ ಹುಟ್ಟುವ ಮುಂಚೆ ಇಲ್ಲದಿರುವುದು ಪ್ರಾಗಭಾವ, ಅದು ಮಡಕೆ ಹುಟ್ಟಿದೊಡನೆ ಮುಗಿಯುತ್ತದೆ. ಎಂದೂ ಇಲ್ಲದ್ದರ ಇಲ್ಲದಿರುವಿಕೆ ಅತ್ಯಂತಾಭಾವ. ಹಾಂಗ್‌ಕಾಂಗ್ ಪ್ರಯೋಗದಲ್ಲಿ ಹೊಸ ಕನ್ನಡಕ ಧರಿಸಿದವರಲ್ಲಿ ನೂರಕ್ಕೆ 21.5 ಮಂದಿಯ ಸಮೀಪದೃಷ್ಟಿ ಎರಡು ವರ್ಷ ಏರಲೇ ಇಲ್ಲ, ಆದರೆ ಮಾಮೂಲಿ ಕನ್ನಡಕದವರಲ್ಲಿಯೂ 7.4 ಮಂದಿಯದು ಏರಲಿಲ್ಲ. ಹೊಸ ಕನ್ನಡಕದ ಮಗುವೊಂದರ ನಂಬರು ನಿಂತಿತೆಂದರೆ, ಬರಲಿದ್ದದ್ದನ್ನು ಮಸೂರ ತಡೆಯಿತೋ, ಬರಲಿದ್ದದ್ದೇ ಏನೂ ಇರಲಿಲ್ಲವೋ ಎಂದು ಆ ಮಗುವಿನ ಕಣ್ಣನ್ನು ಎಷ್ಟು ಪರೀಕ್ಷಿಸಿದರೂ ಹೇಳಲಾಗುವುದಿಲ್ಲ. ಗುಂಪಿನ ಮಟ್ಟದಲ್ಲಿ ಪ್ರತಿಯೋಗಿ ಸಿಗುತ್ತದೆ, ಒಬ್ಬ ವ್ಯಕ್ತಿಯ ಮಟ್ಟದಲ್ಲಿ ಅದು ಎಂದಿಗೂ ಸಿಗದು. ಆರು ತಿಂಗಳಿಗೊಮ್ಮೆ ಅಳೆದು ಬರೆದಿಡುವ ಗುಡ್ಡೆಯ ಉದ್ದವನ್ನು ಅದೇ ವಯಸ್ಸಿನ ಇತರ ಮಕ್ಕಳ ಸರಾಸರಿಯೊಡನೆ ಹೋಲಿಸಿ ಮಾಡುವ ಅನುಮಾನವೊಂದೇ ವೈದ್ಯರ ಕೈಯಲ್ಲಿರುವ ಪ್ರಮಾಣ. ಮಸೂರವನ್ನು ಬರೆದುಕೊಡುವಾಗ ಅವರು ಇಷ್ಟನ್ನು ಹೆತ್ತವರಿಗೆ ಬಿಡಿಸಿ ಹೇಳಬೇಕು, ಹನ್ನೆರಡು ಹದಿಮೂರು ವರ್ಷದ ಮಗುವಾದರೆ ಅದಕ್ಕೂ ಹೇಳಬೇಕು; ದಿನವಿಡೀ ಅದನ್ನು ಮೂಗಿನ ಮೇಲೆ ಹೊರುವುದು ಆ ಮಗುವೇ.